ಎಡಗಿವಿ ಹರಿದ ಆನೆ

ಆನೆಯ ಎಡಗಿವಿ ಹರಿದಿತ್ತು ಎಂದು ನಾನು ಬರೆಯಬಾರದಿತ್ತು. ಬರೀ ಆನೆ ಎಂದಿದ್ದರೂ ನನ್ನ ವಾದ ಗಟ್ಟಿಯಾಗಿ ನಿಲ್ಲುತ್ತಿತ್ತು. ಆದರೆ ಹೈಸ್ಕೂಲಿನಿಂದಲೂ ಚರ್ಚಾಸ್ಪರ್ಧೆಗಳಲ್ಲಿ ಬಾಯಿ ಪಳಗಿಸಿಕೊಂಡವಳು ನಾನು. ದೊಡ್ಡ ಮಾತಿನ ಪಕ್ಕ ಒಂದು ಸಣ್ಣ ವಿವರ ಇಟ್ಟರೆ ತೀರ್ಪುಗಾರರು ದೊಡ್ಡದನ್ನೂ ನಂಬಿಬಿಡುತ್ತಾರೆ. ಇದನ್ನು ಯಾರೂ ಹೇಳಿಕೊಟ್ಟಿದ್ದಲ್ಲ, ಗೆಲ್ಲುತ್ತ ಗೆಲ್ಲುತ್ತ ಗೊತ್ತಾದದ್ದು.

ಶಿವಮೊಗ್ಗದಲ್ಲಿ ಕಾನೂನು ಓದುತ್ತಿದ್ದೇನೆ. ಮನೆ ವಿನೋಬನಗರದಲ್ಲಿ, ಪೊಲೀಸ್ ಚೌಕಿಯಿಂದ ಐದು ನಿಮಿಷದ ದಾರಿ. ಯಾವುದನ್ನೂ ಸುಮ್ಮನೆ ಒಪ್ಪಿಕೊಳ್ಳುವ ಪೈಕಿ ನಾನಲ್ಲ. ಅಮ್ಮ ರಾಹುಕಾಲ ಎಂದರೆ ಯಾವ ಊರಿನ ಸೂರ್ಯೋದಯ ಹಿಡಿದು ಎಣಿಸಿದ್ದು ಎನ್ನುತ್ತೇನೆ. ಅಪ್ಪ ಪೇಪರ್ ನೋಡಿ ಒಂದು ಸುದ್ದಿ ಹೇಳಿದರೆ ಇನ್ನೊಂದು ಪೇಪರಿನಲ್ಲೂ ಹಾಗೇ ಇದೆಯಾ ಎನ್ನುತ್ತೇನೆ. "ಇವಳಿಗೆ ಗುಡ್ ಮಾರ್ನಿಂಗ್ ಅನ್ಬೇಕಾದ್ರೂ ಇಬ್ಬರು ಸಾಕ್ಷಿ ಕರ್ಕೊಂಡ್ ಬರ್ಬೇಕು" ಎಂದು ಅಪ್ಪ ನಗುತ್ತಾರೆ.

ಕಾಲೇಜಿನಲ್ಲಿ ನಾವು ಆರು ಜನ ಸಂಜೆ ಕ್ಯಾಂಟೀನಿನ ಹಿಂದಿನ ಕಟ್ಟೆಯ ಮೇಲೆ ಕೂತು ಚರ್ಚೆಯ ಅಭ್ಯಾಸ ಮಾಡುತ್ತಿದ್ದೆವು. ವಿಷಯ ಯಾವುದಾದರೂ ಸರಿ. ಚಹಾ ಕುಡಿದ ಸ್ಟೀಲ್ ಲೋಟಕ್ಕೆ ಚೀಟಿ ಮಡಚಿ ಹಾಕಿ ಎತ್ತುವುದು. ಚೀಟಿಯಲ್ಲಿ ಬಂದ ಪಕ್ಷವೇ ನಮ್ಮ ಪಕ್ಷ. ನಿನಗೆ ನಿಜವಾಗಿ ಏನನ್ನಿಸುತ್ತದೆ ಎಂದು ಕೇಳುವುದು ನಮ್ಮ ಗುಂಪಿನಲ್ಲಿ ಮರ್ಯಾದೆಯಲ್ಲ. ಪರೀಕ್ಷೆ ಹತ್ತಿರ ಬಂದಾಗ ಕಟ್ಟೆ ಬಿಟ್ಟು ಫೋನಿನಲ್ಲೇ ಒಂದು ಗುಂಪು ಮಾಡಿಕೊಂಡೆವು. ಗೆಳೆಯರ ಗೆಳೆಯರು, ಅವರ ಗೆಳೆಯರು ಸೇರುತ್ತ ಸೇರುತ್ತ ಅದು ಮುಖ ಗೊತ್ತಿಲ್ಲದ ನೂರಾರು ಜನರ ಗುಂಪಾಯಿತು. ಚೀಟಿ ಎತ್ತುವವನು ಮಾತ್ರ ಹಳಬ, ನನ್ನ ಕ್ಲಾಸಿನವನೇ. ಅದೇ ಲೋಟದ ಫೋಟೋ ಹಾಕಿ ಯಾರಿಗೆ ಯಾವ ಪಕ್ಷ ಎಂದು ಸಾರುತ್ತಿದ್ದ.

ಆ ತಿಂಗಳು ಎಲ್ಲರ ಬಾಯಲ್ಲೂ ಎರಡು ಕಂಪನಿಗಳ ಜಗಳ. ಫೋನಿನಲ್ಲಿ ಧಾರಾವಾಹಿಯ ಹಾಗೆ ಕಥೆ ಓದಿ ಕೇಳಿಸುವ ಆ್ಯಪ್‌ಗಳು ಅವರವು. ಒಂದರ ಗುರುತು ಕೆಂಪು, ಇನ್ನೊಂದರದು ನೀಲಿ. ನಾವು ಹಾಗೇ ಕರೆಯುತ್ತಿದ್ದೆವು. ಕೆಂಪಿನಲ್ಲಿ ನೆರಳು ಕಳೆದುಕೊಂಡ ರಾಣಿಯೊಬ್ಬಳ ಮಾಯಾಲೋಕದ ಕಥೆ. ನೀಲಿಯಲ್ಲಿ ಕನ್ನಡಿಯಲ್ಲಿ ಮುಖ ಕಾಣದ ರಾಜಕುಮಾರನ ಕಥೆ. ಎರಡರಲ್ಲೂ ಏಳು ಸುತ್ತಿನ ಕೋಟೆ. ಎರಡರಲ್ಲೂ ಪ್ರತಿ ಕಂತಿನ ಕೊನೆಗೆ ಯಾರೋ ಬಾಗಿಲು ಬಡಿಯುತ್ತಾರೆ. ನಮ್ಮ ಕಥೆ ಕದ್ದರು ಎಂದು ಕೆಂಪಿನವರು ಕೋರ್ಟಿಗೆ ಹೋದರು. ಕದ್ದವರು ನೀವೇ ಎಂದು ನೀಲಿಯವರು ತಿರುಗಿಬಿದ್ದರು. ಚಹಾದಂಗಡಿಯಲ್ಲಿ ಕೂಡ ಜನ ಎರಡು ಪಂಗಡವಾಗಿದ್ದರು.

ನನ್ನನ್ನು ಕೇಳಿದರೆ, ಇಬ್ಬರೂ ಕದ್ದದ್ದು ಅಜ್ಜಿಯರಿಂದ. ಏಳು ಸುತ್ತಿನ ಕೋಟೆಯನ್ನು ಯಾರೋ ಒಬ್ಬರು ಸೈಟಿನ ಹಾಗೆ ಬೇಲಿ ಹಾಕಿ ತಮ್ಮ ಹೆಸರಿಗೆ ಬರೆಸಿಕೊಳ್ಳಲು ಬಂದರೆ ಯಾವ ಅಜ್ಜಿ ಸುಮ್ಮನಿರುತ್ತಾಳೆ? ಮಾಯಾಲೋಕದ ಕಥೆಗಳ ಮೇಲೂ ನನಗೆ ತಕರಾರಿದೆ. ಮಂತ್ರ ಹಾಕಿ ಇಡೀ ಕೋಟೆಯನ್ನು ಆಕಾಶಕ್ಕೆ ಹಾರಿಸುವ ರಾಣಿ, ಕಾಲಿಗೆ ಚುಚ್ಚಿದ ಮುಳ್ಳು ತೆಗೆಯಲು ದಾಸಿಯನ್ನು ಯಾಕೆ ಕರೆಯುತ್ತಾಳೆ? ಇದನ್ನು ಗುಂಪಿನಲ್ಲಿ ಕೇಳಿ ಬಹಳ ಜನರಿಂದ ಬೈಸಿಕೊಂಡಿದ್ದೆ. ಬೈಸಿಕೊಳ್ಳುವುದು ನನಗೆ ಖುಷಿಯ ವಿಷಯವೇ ಆಗಿತ್ತು.

ಗುಂಪಿನಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಕೆಂಪು ಆ್ಯಪಿನ ಆ ಕಥೆಯನ್ನು ಕನ್ನಡದಲ್ಲಿ ಓದುತ್ತಿದ್ದ ದನಿ ನನ್ನ ಅಕ್ಕನದು.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಭದ್ರಾವತಿಯ ಜನ್ನಾಪುರಕ್ಕೆ ಕೊಟ್ಟಿದ್ದಾರೆ. ಅವಳ ದನಿ ದಪ್ಪ. ಸ್ಕೂಲಿನಲ್ಲಿ ಪ್ರಾರ್ಥನೆಗೆ ಅವಳನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿ, ನೀನು ಬಾಯಿ ಮಾತ್ರ ಆಡಿಸು ಎಂದು ಹೇಳಿದ್ದರು. ನಾನೂ ಸಣ್ಣವಳಿದ್ದಾಗ ಅವಳನ್ನು ಲಾರಿ ಎಂದು ಕರೆದು ಓಡುತ್ತಿದ್ದೆ. ಗಂಡಿನ ಕಡೆಯವರು ನೋಡಲು ಬಂದ ದಿನ ಅಮ್ಮ ಅವಳಿಗೆ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು, ಅದೂ ಮೆಲ್ಲಗೆ ಎಂದಿದ್ದರು. ಗಂಡನ ಮನೆಯಲ್ಲೂ ಮೊದಲ ನಾಲ್ಕು ವರ್ಷ ಅವಳು ಹಾಗೇ ಇದ್ದಳು. ಸೊಸೆಗೆ ಜಂಬ ಎಂದು ಅವಳ ಅತ್ತೆ ತಿಳಿದುಕೊಂಡಿದ್ದರು. ಆಮೇಲೊಂದು ದಿನ ಯಾರಿಗೂ ಹೇಳದೆ ತನ್ನ ಓದನ್ನು ರೆಕಾರ್ಡ್ ಮಾಡಿ ಕೆಂಪಿನವರಿಗೆ ಕಳಿಸಿದಳು. ಅವರಿಗೆ ಬೇಕಾಗಿದ್ದದ್ದು ಆ ದಪ್ಪ ದನಿಯೇ. ರಾಣಿ, ಮಂತ್ರಿ, ಮುದಿ ಮಾವುತ ಎಲ್ಲ ಅವಳೇ. ಆನೆಯ ಉಸಿರು ಕೂಡ ಅವಳದೇ.

ಅವಳ ಸ್ಟುಡಿಯೋ ಎಂದರೆ ಅಡಿಗೆಮನೆಯ ಪಕ್ಕದ ಸಾಮಾನಿನ ಕೋಣೆ. ಗೋಡೆಗೆ ಹತ್ತಿಯ ಹಾಸಿಗೆಗಳನ್ನು ಒರಗಿಸಿ, ಬಾಗಿಲಿಗೆ ಎರಡು ಕೌದಿ ಇಳಿಬಿಟ್ಟಿದ್ದಳು. ಮಧ್ಯಾಹ್ನ ಎರಡರಿಂದ ನಾಲ್ಕು ಅವಳ ಹೊತ್ತು. ಆ ಹೊತ್ತಿನಲ್ಲಿ ಮನೆಯಲ್ಲಿ ಮಿಕ್ಸಿ ತಿರುಗಬಾರದು ಎಂದು ಕಟ್ಟು ಮಾಡಿದವರು ಅತ್ತೆಯೇ. ಎರಡಕ್ಕೆ ಐದು ನಿಮಿಷ ಇರುವಾಗ ಒಂದು ಕೆಂಪು ಟವೆಲ್ಲನ್ನು ಒದ್ದೆ ಮಾಡಿ ಗೇಟಿನ ಮೇಲೆ ಹಾಕುತ್ತಿದ್ದರು. ಒದ್ದೆ ಯಾಕೆಂದರೆ ಗಾಳಿಗೆ ಹಾರಬಾರದು. ಎದುರಿನ ಗ್ಯಾರೇಜಿನ ಭಾಯಿ ಟವೆಲ್ ನೋಡಿದರೆ ಗಾಡಿ ಸ್ಟಾರ್ಟ್ ಮಾಡುತ್ತಿರಲಿಲ್ಲ, ಕೂತು ನಟ್ಟು ಬೋಲ್ಟು ಒರೆಸುತ್ತಿದ್ದ. ಅತ್ತೆ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಸೊಪ್ಪಿನವರಿಗೂ ಪಾತ್ರೆಯವರಿಗೂ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಮನೆಯ ಹಿಂದೆ ಹಾಯುವ ರೈಲಿನ ಮೇಲೆ ಮಾತ್ರ ಅವರ ಬೆರಳು ನಡೆಯುತ್ತಿರಲಿಲ್ಲ.

ನಾಲ್ಕಕ್ಕೆ ಅಕ್ಕ ಹೊರಗೆ ಬಂದರೆ, "ಇವತ್ತೇನಾಯ್ತೇ?" ಎಂದು ಅತ್ತೆ ಕೇಳುತ್ತಿದ್ದರು.

"ಹೇಳೋ ಹಾಗಿಲ್ಲ ಅತ್ತೆ. ಸೈನ್ ಹಾಕಿದೀನಿ."

"ಹೇಳ್ಬೇಡ ಬಿಡು. ನಾನೇನು ಕೇಳ್ದೆನಾ?" ಎಂದು ಕಾಫಿಗಿಡುತ್ತಿದ್ದರು. ಸೊಸೆ ತನಗೂ ಹೇಳುವುದಿಲ್ಲ ಎಂಬುದನ್ನು ಬೀದಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದರು.

ಅತ್ತೆಗೆ ಹೇಳದ್ದನ್ನು ಅಕ್ಕ ನನಗೆ ಓದಿ ತೋರಿಸುತ್ತಿದ್ದಳು. ಅದಕ್ಕೆ ಕಾರಣ ನಾನೇ. ಒಪ್ಪಂದದಲ್ಲಿ ಹೊರಗಿನವರಿಗೆ ತೋರಿಸಬಾರದು ಎಂದಿತ್ತು. ನಾನು ಹೊರಗಿನವಳಾ ಎಂದು ಕೇಳಿದ್ದೆ. ಇದು ತೋರಿಸುವುದಲ್ಲ, ಅಭ್ಯಾಸ. ನಾಟಕದವರಿಗೆ ಪರದೆಯ ಹಿಂದೆ ಮಾತು ಎತ್ತಿಕೊಡುವವರು ಇರುವುದಿಲ್ಲವೇ ಎಂದು ಅರ್ಧ ಗಂಟೆ ವಾದ ಮಾಡಿದ್ದೆ. ಅಕ್ಕ ಸೋತು ಒಪ್ಪಿದ್ದಳು. ಅಲ್ಲಿಂದ ಮುಂದೆ ರೆಕಾರ್ಡಿಂಗಿನ ಹಿಂದಿನ ದಿನವೇ ಅವಳು ಹಾಳೆ ಕಳಿಸಿ, ಫೋನಿನಲ್ಲಿ ಓದುವುದು, ಉಸಿರು ಎಲ್ಲಿ ತಪ್ಪಿತು ಎಂದು ನಾನು ಹೇಳುವುದು ರೂಢಿಯಾಯಿತು.

ಮಾವುತ ಸಾಯುವ ಭಾಗವನ್ನು ಅವಳು ನನಗೆ ಮೂರು ಸಲ ಓದಿದಳು. ಕೋಟೆಯ ಬಾಗಿಲು ಕಾಯುವ ಮುದಿ ಮಾವುತ, ಶತ್ರುಗಳು ತನ್ನ ಮೊಮ್ಮಗಳನ್ನು ಹಿಡಿದುಕೊಂಡಿದ್ದಾರೆ ಎಂದು ಒಳಗಿನಿಂದ ತಾನೇ ಅಗುಳಿ ತೆಗೆಯುತ್ತಾನೆ. ಅವರು ಮೊದಲು ಅವನನ್ನೇ ಇರಿಯುತ್ತಾರೆ. ಆನೆ ಹೋಗಿ ಬಾಗಿಲಿಗೆ ಅಡ್ಡ ಮಲಗುತ್ತದೆ. ಸಾಯುವಾಗ ಮಾವುತ ಆನೆಯ ಹರಿದ ಎಡಗಿವಿಯನ್ನು ಸವರಿ, ವಯಸ್ಸಿನ ಸೊಕ್ಕಿನಲ್ಲಿ ನಾನೇ ಅಂಕುಶ ಹಾಕಿ ಹರಿದದ್ದು, ಒಂದು ದಿನವೂ ನಿನ್ನ ಹತ್ತಿರ ತಪ್ಪಾಯಿತು ಎನ್ನಲಿಲ್ಲ ಎನ್ನುತ್ತಾನೆ. ಮೂರನೇ ಸಲ ಅಕ್ಕ ಅದನ್ನು ಓದಿದಾಗ ನಾನು ಕಾಲೇಜಿನ ಕಾರಿಡಾರಿನಲ್ಲಿ ಇಯರ್‌ಫೋನ್ ಹಾಕಿಕೊಂಡು ನಿಂತಿದ್ದೆ. ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡೆ. ಮಾಯಾಲೋಕದ ಕಥೆಗೆ ನಾನು ಅತ್ತದ್ದು ಅದೊಂದೇ ಸಲ.

ಎರಡು ದಿನ ಬಿಟ್ಟು ಗುಂಪಿನಲ್ಲಿ ಲೋಟದ ಫೋಟೋ ಬಂತು. ವಿಷಯ ಅದೇ ಜಗಳ. ನನಗೆ ಬಂದ ಚೀಟಿ ನೀಲಿಯ ಪರ.

ನೀಲಿಯ ಹೊಸ ಕಂತಿನಲ್ಲಿ ಅಷ್ಟರಲ್ಲೇ ಒಬ್ಬ ಮುದಿ ಕಾವಲುಗಾರ ಒಳಗಿನಿಂದ ಬಾಗಿಲು ತೆಗೆದು ಸತ್ತಿದ್ದ. ಇಂಥ ಪುರಾವೆ ಕೈಯಲ್ಲಿರುವಾಗ ಚರ್ಚೆಯವರಿಗೆ ಬಾಯಿ ಕಟ್ಟಿಕೊಳ್ಳುವುದು ಎಷ್ಟು ಕಷ್ಟ ಎಂದು ಬೇರೆಯವರಿಗೆ ತಿಳಿಯದು. ನಾನು ಬರೆದೆ: ಕದಿಯುತ್ತಿರುವವರು ಕೆಂಪಿನವರೇ. ಅನುಮಾನವಿದ್ದರೆ ಮುಂದಿನ ವಾರದವರೆಗೆ ಕಾಯಿರಿ. ಅವರ ಮಾವುತನೂ ಒಳಗಿನಿಂದ ಬಾಗಿಲು ತೆಗೆದು ಸಾಯುತ್ತಾನೆ, ಎಡಗಿವಿ ಹರಿದ ಆನೆ ಬಾಗಿಲಿಗೆ ಅಡ್ಡ ಮಲಗುತ್ತದೆ. ಕೊನೆಗೆ 'ಇದು ನನ್ನ ಊಹೆ' ಎಂದು ಸೇರಿಸಿದೆ. ಆ ಒಂದು ಸಾಲಿನಿಂದ ಎಲ್ಲ ಮುಚ್ಚಿಹೋಯಿತು ಎಂದುಕೊಂಡೆ.

ಮತ ಹಾಕಿದರು. ನಾನೇ ಗೆದ್ದೆ.

ಮರುದಿನ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಒಂದು ಸಂದೇಶ. ನೀಲಿ ಕಂಪನಿಯ ವಕೀಲರ ಕಡೆಯವರು ಎಂದು ಹೇಳಿಕೊಂಡಿದ್ದರು. ನೀವು ಬರೆದದ್ದು ನಮ್ಮ ಗಮನಕ್ಕೆ ಬಂದಿದೆ, ಈ ಮಾಹಿತಿ ನಿಮಗೆ ಎಲ್ಲಿಂದ ಸಿಕ್ಕಿತು ಎಂದು ತಿಳಿಸಿದರೆ ನಮ್ಮ ಪ್ರಕರಣಕ್ಕೆ ಉಪಯೋಗವಾಗುತ್ತದೆ ಎಂದಿತ್ತು. ಸುಳ್ಳೇಕೆ, ಮೊದಲ ಐದು ನಿಮಿಷ ನನಗೆ ಹೆಮ್ಮೆಯೇ ಆಯಿತು. ಇನ್ನೂ ಡಿಗ್ರಿ ಮುಗಿದಿಲ್ಲ, ಆಗಲೇ ವಕೀಲರು ನನ್ನನ್ನು ಹುಡುಕಿಕೊಂಡು ಬರುತ್ತಿದ್ದಾರೆ. ಹಲ್ಲುಜ್ಜುತ್ತ ಮತ್ತೊಮ್ಮೆ ಓದಿದೆ. 'ಎಲ್ಲಿಂದ' ಎಂಬಲ್ಲಿಗೆ ಬಂದಾಗ ಕೈ ನಿಂತಿತು.

ಹನ್ನೊಂದು ಗಂಟೆಗೆ ಅಕ್ಕನ ಫೋನ್ ಬಂತು.

"ಇವತ್ತು ರೆಕಾರ್ಡಿಂಗ್ ಇಲ್ಲ ಕಣೇ. ಎಲ್ಲಾ ಭಾಷೆಯವರನ್ನೂ ಕೂರಿಸಿ ವಿಡಿಯೋ ಮೀಟಿಂಗ್ ಮಾಡಿದ್ರು. ಯಾರೋ ಮಾವುತ ಸಾಯೋದನ್ನ ಹೊರಗೆ ಬಿಟ್ಟಿದಾರಂತೆ."

ನಾನು ಹೂಂ ಎಂದೆ.

"ಇನ್ನೊಂದು ವಿಷಯ ಗೊತ್ತಾ? ಒಬ್ಬೊಬ್ಬರಿಗೆ ಕಳಿಸೋ ಸ್ಕ್ರಿಪ್ಟಲ್ಲೂ ಒಂದೊಂದು ಚೂರು ಬೇರೆ ಮಾಡಿರ್ತಾರಂತೆ. ನಮಗೇ ಗೊತ್ತಿರ್ಲಿಲ್ಲ ನೋಡು. ಹೊರಗೆ ಹೋದ್ರೆ ಯಾರದ್ದು ಅಂತ ಹಿಡಿಯೋಕೆ. ಎಲ್ಲಿ ಏನು ಬದಲಾಯಿಸಿದಾರೆ ಅಂತ ಮಾತ್ರ ಹೇಳ್ಲಿಲ್ಲ."

ನನ್ನ ಕಣ್ಣ ಮುಂದೆ ಆನೆ ಬಂದು ನಿಂತಿತು. ಅದರ ಎಡಗಿವಿ.

"ತೆಲುಗಲ್ಲಿ ಓದೋವಳು ಪಾಪ ಅಳ್ತಿದ್ಳು. ಅವಳು ಹೊಸಬಳಲ್ವಾ, ಎಲ್ಲರಿಗೂ ಅವಳ ಮೇಲೇ ಅನುಮಾನ. ಯಾರೋ ಏನೋ, ಪುಣ್ಯಾತ್ಮರು, ಇನ್ನೊಬ್ಬರ ಕೆಲಸದ ಮೇಲೆ ಕಲ್ಲು ಹಾಕಿದ್ರು. ಯಾಕೇ ಮಾತಾಡ್ತಿಲ್ಲ? ನೆಟ್‌ವರ್ಕ್ ಇಲ್ವಾ?"

"ಇಲ್ಲ," ಎಂದೆ. ಅವಳು ನೆಟ್‌ವರ್ಕ್ ಇಲ್ಲ ಎಂದುಕೊಂಡು ಫೋನಿಟ್ಟಳು.

ಬರೆದದ್ದನ್ನು ಅಳಿಸಿದೆ. ಎರಡು ನಿಮಿಷದಲ್ಲಿ ಚೀಟಿ ಎತ್ತುವವನ ಸಂದೇಶ: "ಯಾಕೆ ಡಿಲೀಟ್ ಮಾಡ್ದೆ ಮಾರಾಯ್ತಿ? ಸ್ಕ್ರೀನ್‌ಶಾಟ್ ಎಲ್ಲಾ ಕಡೆ ಓಡಾಡ್ತಿದೆ. ಫೇಮಸ್ ಆಗ್ಬಿಟ್ಟೆ ನೀನು." ಆ ಮಧ್ಯಾಹ್ನ ನಮಗೆ ಸಾಕ್ಷ್ಯದ ಪಾಠ. ಮೇಷ್ಟರು, ಹೇಳಿದವನ ಬಾಯಿಂದ ಹೊರಟ ಮಾತು ಅವನ ಮೇಲೇ ಸಾಕ್ಷಿಯಾಗಿ ನಿಲ್ಲುವ ಬಗೆಯನ್ನು ವಿವರಿಸುತ್ತಿದ್ದರು. ಫೋನು ಬೆಂಚಿನ ಮೇಲೆ ಗುಂಯ್ ಎಂದಾಗಲೆಲ್ಲ ಬೆಂಚಿನ ಕೆಳಗೆ ಹಿಡಿದು ನೋಡುತ್ತಿದ್ದೆ. ಅದು ರೀಚಾರ್ಜ್ ಮಾಡಿಸಿ ಎಂಬ ಸಂದೇಶ. ಮತ್ತೆ ಗುಂಯ್. ಅದೂ ರೀಚಾರ್ಜ್.

ಮನೆಯಲ್ಲಿ ನಾನು ಸುಮ್ಮನಿರುವುದೇ ಅನುಮಾನಕ್ಕೆ ಕಾರಣವಾಯಿತು. ಅಮ್ಮ ಹಣೆ ಮುಟ್ಟಿ ನೋಡಿದರು. "ಇವತ್ತು ಬುಧವಾರ ಅಂದೆ, ಹೌದು ಅಂದ್ಳು. ಜ್ವರ ಬಂದಿರ್ಬೇಕು," ಎಂದರು ಅಪ್ಪ. ಅವರು ಪೇಪರ್ ಮಡಚಿದ ಸದ್ದಿಗೂ ನಾನು ಬೆಚ್ಚಿದೆ. ಬೀದಿಯಲ್ಲಿ ಕೊರಿಯರಿನವನ ಬೈಕು ನಿಂತರೆ ಕಿಟಕಿಯ ಪಕ್ಕದಿಂದ ಸರಿದುಕೊಳ್ಳುತ್ತಿದ್ದೆ. ನೋಟಿಸು ಹೀಗೇ ಬರುತ್ತದೆ ಎಂದು ಓದಿದವಳು ನಾನು, ಓದದಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ.

ಆ ದಿನಗಳಲ್ಲಿ ನನಗೆ ತ್ಯಾವರೆಕೊಪ್ಪ ಮತ್ತೆ ಮತ್ತೆ ನೆನಪಾಗುತ್ತಿತ್ತು. ನನಗೆ ಏಳೋ ಎಂಟೋ ವರ್ಷ ಇದ್ದಾಗ ಸಿಂಹ ನೋಡಲು ಕರೆದುಕೊಂಡು ಹೋಗಿದ್ದರು. ಸಫಾರಿಯ ವ್ಯಾನು ನಿಂತಿತು. ದಾರಿಯ ಬದಿಯಲ್ಲೇ ಸಿಂಹ ಮಲಗಿತ್ತು. ಡ್ರೈವರು ಹಿಂದಕ್ಕೆ ತಿರುಗಿ, ಯಾರೂ ಉಸಿರೆತ್ತಬೇಡಿ ಎಂದು ಪಿಸುಗುಟ್ಟಿದ. ನಾನು ಗಟ್ಟಿಯಾಗಿ, ಅದಕ್ಕೆ ಕನ್ನಡ ಬರುತ್ತಾ ಎಂದು ಕೇಳಿದೆ. ಸಿಂಹ ಎದ್ದು ನಿಂತು ನೇರ ನಮ್ಮ ಕಿಟಕಿಯ ಕಡೆ ನೋಡಿತು. ಅಕ್ಕ ನನ್ನ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಳು. ಆ ಕೈ ನಡುಗುತ್ತಿತ್ತು. ಹಾಗೆ ಹಿಡಿದುಕೊಂಡೇ ಅವಳು ನನ್ನ ಮತ್ತು ಕಿಟಕಿಯ ನಡುವೆ ಬಂದು ಕೂತಿದ್ದಳು.

ನಾಲ್ಕನೇ ದಿನ ಅಡಿಗೆಮನೆಯಲ್ಲಿ ಯಾರೂ ಇಲ್ಲದಾಗ ಎರಡು ಚೀಟಿ ಬರೆದೆ. ಹೇಳು, ಹೇಳಬೇಡ. ಲೋಟಕ್ಕೆ ಹಾಕಿ ಕುಲುಕಿ ಎತ್ತಿದೆ. ಹೇಳಬೇಡ ಎಂದು ಬಂತು. ನೆಮ್ಮದಿಯಾಗಬೇಕಿತ್ತು. ಮತ್ತೆ ಹಾಕಿ ಎತ್ತಿದೆ. ಅದೇ. ಮೂರನೇ ಸಲ ಎತ್ತಲು ಕೈ ಹೋದಾಗ ನನ್ನ ಮೇಲೇ ಅಸಹ್ಯವಾಯಿತು. ಚೀಟಿ ಕೊಟ್ಟ ಪಕ್ಷವನ್ನು ಅಲ್ಲಿಯವರೆಗೆ ನಾನು ಯಾವತ್ತೂ ಬಿಟ್ಟವಳಲ್ಲ. ಎರಡನ್ನೂ ಒಲೆಯ ಉರಿಗೆ ಹಿಡಿದು, ಚಪ್ಪಲಿ ಹಾಕಿಕೊಂಡು ಹೊರಟೆ.

ಭದ್ರಾವತಿಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ನೋಟ್‌ಬುಕ್ಕಿನಲ್ಲಿ ಅಕ್ಕನ ಪರವಾಗಿ ವಾದ ಬರೆದೆ. ಕಿವಿ ಎಡ ಇರಬಹುದು, ಬಲ ಇರಬಹುದು. ಊಹಿಸಿದವರಿಗೆ ಅರ್ಧ ಅವಕಾಶ ಇದ್ದೇ ಇದೆ. ಸ್ಕ್ರಿಪ್ಟನ್ನು ಬರೆದವರು, ಅನುವಾದಿಸಿದವರು, ಕಳಿಸಿದವರು ಎಲ್ಲ ನೋಡಿರುತ್ತಾರೆ. ಬಸ್ಸು ಕುಲುಕಿದಲ್ಲೆಲ್ಲ ಅಕ್ಷರ ಓಡಿಹೋಗಿತ್ತು, ಆದರೂ ವಾದ ಗಟ್ಟಿಯಾಗಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಇವತ್ತು ಪರೀಕ್ಷೆಯೇನಮ್ಮ?" ಎಂದರು. ಹೌದು ಎಂದೆ.

ಜನ್ನಾಪುರ ತಲುಪಿದಾಗ ಎರಡು ಗಂಟೆ ದಾಟಿತ್ತು. ಗೇಟಿನ ಮೇಲೆ ಕೆಂಪು ಟವೆಲ್ ಇತ್ತು. ಅಂದರೆ ಕೆಲಸ ಮತ್ತೆ ಶುರುವಾಗಿದೆ. ನನಗೆ ಯಾಕೋ ಒಳ್ಳೆಯ ಸೂಚನೆ ಅನ್ನಿಸಿತು. ಸೂಚನೆಗಳನ್ನು ನಂಬದವಳಿಗೆ ಅವತ್ತು ಟವೆಲ್ಲೂ ಬೇಕಾಗಿತ್ತು. ಅಕ್ಕನ ಅತ್ತೆಯನ್ನು ನಾನೂ ಅತ್ತೆ ಎಂದೇ ಕರೆಯುತ್ತೇನೆ. ಅವರು ಜಗಲಿಯಿಂದ ಎದ್ದು ಬಂದು, ತುಟಿಯ ಮೇಲೆ ಬೆರಳಿಟ್ಟು, ಗೇಟಿನ ಕೊಂಡಿ ಸದ್ದಾಗದ ಹಾಗೆ ತಾವೇ ಎತ್ತಿದರು. ಅಡಿಗೆಮನೆಗೆ ಕರೆದುಕೊಂಡು ಹೋಗಿ ಮಣೆ ಕೊಟ್ಟರು. ತಾವೂ ಕೂತು ಬೆಳ್ಳುಳ್ಳಿ ಸುಲಿಯತೊಡಗಿದರು.

"ಹೊಸ ಸ್ಕ್ರಿಪ್ಟ್ ಬಂದಿದೆಯಂತೆ," ಎಂದು ಕಿವಿಯ ಹತ್ತಿರ ಪಿಸುಗುಟ್ಟಿದರು. "ಬೆಳಿಗ್ಗೆಯಿಂದ ಒಂದು ತುತ್ತೂ ಸರಿಯಾಗಿ ತಿಂದಿಲ್ಲ. ನಾನು ಕೇಳಲ್ಲಪ್ಪ."

ಗೋಡೆಯಾಚೆಯಿಂದ ಅಕ್ಕನ ದನಿ ಹತ್ತಿಯಲ್ಲಿ ಸುತ್ತಿಕೊಂಡು ಬರುತ್ತಿತ್ತು. ಮಾತು ತಿಳಿಯುವುದಿಲ್ಲ, ಯಾರು ಮಾತಾಡುತ್ತಿದ್ದಾರೆ ಎಂದು ತಿಳಿಯುತ್ತದೆ. ಮೊದಲು ರಾಣಿ. ಆಮೇಲೆ ಮಂತ್ರಿಯ ಕೆಮ್ಮು. ಆಮೇಲೆ ಒಂದು ಮುದಿ ಗಂಡಸಿನ ನಗು. ಮಾವುತ ನಗುತ್ತಿದ್ದ. ಸಾಯಬೇಕಾದ ಹೊತ್ತಿಗೆ ಸರಿಯಾಗಿ ಅವನು ಯಾರನ್ನೋ ಗೇಲಿ ಮಾಡುತ್ತ ನಗುತ್ತಿದ್ದ. ನನಗೆ ವಿಷಯ ಹೊಳೆಯಿತು. ಕಥೆಯನ್ನೇ ಬದಲಾಯಿಸಿದ್ದಾರೆ. ಅತ್ತೆ ಒಂದೊಂದೇ ಸಿಪ್ಪೆಯನ್ನು ಸದ್ದಿಲ್ಲದೆ ತಟ್ಟೆಗೆ ಹಾಕುತ್ತಿದ್ದರು. ಎದುರಿನ ಗ್ಯಾರೇಜಿನಲ್ಲಿ ಒಂದು ಸ್ಪ್ಯಾನರ್ ಬಿದ್ದ ಸದ್ದು. ಭಾಯಿ ತನ್ನನ್ನು ತಾನೇ ಬೈದುಕೊಂಡದ್ದೂ ಕೇಳಿಸಿತು.

ನಾಲ್ಕಕ್ಕೆ ಅಕ್ಕ ಕೌದಿ ಸರಿಸಿ ಹೊರಗೆ ಬಂದಳು. ನನ್ನನ್ನು ನೋಡಿ ಮುಖ ಅರಳಿಸಿ, ಒಂದು ಚೊಂಬು ನೀರು ಕುಡಿದು, ಒಳಗೆ ಬಾ ಎಂದಳು. ಅತ್ತೆ ಟವೆಲ್ ತೆಗೆಯಲು ಗೇಟಿಗೆ ಹೋದರು.

"ಮಾವುತ ಸಾಯಲ್ಲ ಕಣೇ ಇನ್ನು," ಎಂದಳು. "ಬಾಗಿಲೂ ತೆಗೆಯಲ್ಲ. ಎಲ್ಲಾ ತೆಗೆದುಹಾಕಿದ್ರು. ನಾನು ಅಷ್ಟು ಚೆನ್ನಾಗಿ ಯಾವತ್ತೂ ಓದಿರ್ಲಿಲ್ಲ. ಅದನ್ನ ಇನ್ನು ಯಾರೂ ಕೇಳಲ್ಲ. ಕೇಳಿದ್ದು ನೀನೊಬ್ಬಳೇ."

ಆ ಕೋಣೆಯಲ್ಲಿ ದನಿ ಎಲ್ಲೂ ತಾಗಿ ವಾಪಸು ಬರುವುದಿಲ್ಲ. ಏನೇ ಹೇಳಿದರೂ ಬಾಯಿಯ ಮುಂದೆಯೇ ಬಿದ್ದುಹೋಗುತ್ತದೆ.

"ಬರೆದಿದ್ದು ನಾನು," ಎಂದೆ.

"ಏನು ಬರೆದಿದ್ದು?"

"ಹೊರಗೆ ಬಂತಲ್ಲ. ಮಾವುತ. ಎಡಗಿವಿ. ಅದನ್ನ ಬರೆದಿದ್ದು ನಾನು."

ಅಕ್ಕ ಮೊದಲು ಮೈಕಿನ ಕಡೆ ನೋಡಿದಳು, ಆಫ್ ಆಗಿದೆಯಾ ಎಂದು. ಆಮೇಲೆ ಸ್ಟೂಲಿನ ಮೇಲೆ ಕೂತಳು. ಕೈಯಲ್ಲಿದ್ದ ಹಾಳೆಗಳ ಅಂಚು ಸಮ ಮಾಡಿದಳು.

"ಯಾಕೆ?"

"ಚೀಟಿ ಬಂತು. ನೀಲಿ ಪರ."

"ಅದಕ್ಕೆ?"

"ಗೆಲ್ಲೋಕೆ."

"ಗೆದ್ದ್ಯಾ?"

"ಹೂಂ."

ಅವಳು ತಲೆಯಾಡಿಸಿದಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು, ಬೈಗುಳಕ್ಕೆ ಉತ್ತರ ಕೊಡುವುದು ನನಗೆ ಗೊತ್ತು. ನಾನು ಬ್ಯಾಗಿನಿಂದ ನೋಟ್‌ಬುಕ್ ತೆಗೆದೆ. ಎಡ, ಬಲ, ಅರ್ಧ ಅವಕಾಶ ಎಂದು ಶುರು ಮಾಡಿದೆ. ನಿನ್ನ ಪ್ರತಿಯಿಂದಲೇ ಹೋಯಿತು ಎಂದು ಅವರು ಸಾಬೀತು ಮಾಡಲಿ, ಅಲ್ಲಿಯವರೆಗೆ ನೀನು ಏನೂ ಒಪ್ಪಿಕೊಳ್ಳಬೇಕಾಗಿಲ್ಲ ಎಂದೆ. ಉತ್ತರ ನಾನೇ ಬರೆದುಕೊಡುತ್ತೇನೆ ಎಂದೆ.

"ತೆಲುಗಿನವಳು?"

ಅದಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಏನೂ ಇರಲಿಲ್ಲ.

"ನೀನು ಹೇಳಿದ್ರೆ ನಾನು ಒಪ್ಕೊಂಡ್ಬಿಡ್ತೀನಿ," ಎಂದಳು ಅಕ್ಕ. "ಹಿಂದೇನೂ ಹಾಗೇ ಒಪ್ಕೊಂಡೆ, ನೀನು ಹೊರಗಿನವಳಲ್ಲ ಅಂತ. ಅದಕ್ಕೇ ಈಗ ಸ್ವಲ್ಪ ಬಾಯಿ ಮುಚ್ಕೊಂಡಿರು ಮಾರಾಯ್ತಿ."

ಅವಳೇ ಫೋನ್ ತೆಗೆದುಕೊಂಡು ಕೆಂಪಿನವರಿಗೆ ಟೈಪ್ ಮಾಡಿದಳು. ನಾಲ್ಕು ಸಾಲು. ಹೊರಗೆ ಹೋದದ್ದು ನನ್ನ ಪ್ರತಿ. ಅಭ್ಯಾಸಕ್ಕೆಂದು ಮನೆಯವರೊಬ್ಬರಿಗೆ ಓದಿ ತೋರಿಸಿದ್ದೆ. ತಪ್ಪು ನನ್ನದು. ತೆಲುಗಿನಲ್ಲಿ ಓದುವವರದು ಏನೂ ಇಲ್ಲ. ತಂಗಿ ಎಂದು ಬರೆಯಲಿಲ್ಲ. ನನ್ನ ಹೆಸರು ಹಾಕು ಎಂದೆ. "ನಾಳೆ ಕೋರ್ಟಲ್ಲಿ ಕಪ್ಪು ಕೋಟು ಹಾಕ್ಕೊಂಡು ನಿಲ್ಬೇಕಾದವಳು, ಸುಮ್ನಿರು," ಎಂದು ಸಂದೇಶ ಕಳಿಸಿಬಿಟ್ಟಳು. ತ್ಯಾವರೆಕೊಪ್ಪದಲ್ಲಿ ನಡುಗಿದ ಕೈ ಅವತ್ತು ನಡುಗಲಿಲ್ಲ.

"ಅತ್ತೆಗೆ?" ಎಂದು ಕೇಳಿದೆ.

"ನಾನು ಹೇಳ್ತೀನಿ, ಏನು ಹೇಳ್ಬೇಕೋ ಅದನ್ನ."

ಏಳನೇ ದಿನ ಅವಳಿಗೆ ಉತ್ತರ ಬಂತು. ಎಡಗಿವಿ ಅವಳ ಪ್ರತಿಯಲ್ಲಿ ಮಾತ್ರ ಇತ್ತಂತೆ. ಉಳಿದ ಕಂತುಗಳನ್ನು ಬೇರೆಯವರು ಓದುತ್ತಾರೆ, ಮುಂದೆ ಅಗತ್ಯವಿದ್ದರೆ ತಿಳಿಸುತ್ತೇವೆ ಎಂದು ಮರ್ಯಾದೆಯಿಂದಲೇ ಬರೆದಿದ್ದರು. ಅಕ್ಕ ಅದನ್ನು ನನಗೆ ಕಳಿಸಿ, ಕೆಳಗೆ 'ಓದ್ಕೋ' ಎಂದಷ್ಟೇ ಹಾಕಿದ್ದಳು.

ಅಕ್ಕ ಓದಿದ ಕೊನೆಯ ಕಂತು ಆ ವಾರ ಬಿಡುಗಡೆಯಾಯಿತು. ಮಾವುತ ಬದುಕಿದ್ದ. ಗುಂಪಿನಲ್ಲಿ ನನ್ನನ್ನು ಎಲ್ಲರೂ ಸೇರಿ ಹರಿದು ಹಾಕಿದರು. ಎಲ್ಲಿ ಹೋಯಿತು ನಿನ್ನ ಎಡಗಿವಿ, ಭವಿಷ್ಯ ಹೇಳುವ ಅಂಗಡಿ ಯಾವಾಗ ಮುಚ್ಚುತ್ತೀಯ ಎಂದು ಬರೆದರು. ನಾನು ಸೋತೆ ಎಂದು ಎರಡು ಪದ ಬರೆದು ಗುಂಪಿನಿಂದ ಹೊರಗೆ ಬಂದೆ. ಅದರ ಮುಂದಿನ ಕಂತನ್ನು ಮನೆಯಲ್ಲಿ ಅಮ್ಮ ಹಾಕಿದರು. ಹೊಸ ದನಿ ತೆಳ್ಳಗೆ, ಸ್ವಚ್ಛವಾಗಿತ್ತು. ತಪ್ಪು ಹುಡುಕಬೇಕೆಂದು ಕೂತೆ, ಸಿಗಲಿಲ್ಲ. ಆನೆಯ ಉಸಿರಿಗೆ ಮಾತ್ರ ಎಲ್ಲಿಂದಲೋ ಒಂದು ಸದ್ದು ತಂದು ಹಾಕಿದ್ದರು.

ವಕೀಲರ ಕಡೆಯ ಆ ನಂಬರನ್ನು ಬ್ಲಾಕ್ ಮಾಡಿದ್ದೇನೆ. ಬ್ಲಾಕ್ ಮಾಡಿದರೆ ಸಮನ್ಸು ನಿಲ್ಲುವುದಿಲ್ಲ ಎಂದೂ ಗೊತ್ತು. ಈಗಲೂ ಕೊರಿಯರಿನ ಬೈಕು ಬಂದರೆ ಕಿಟಕಿಯಿಂದ ಸರಿಯುತ್ತೇನೆ.

ಮೊನ್ನೆ ಮಧ್ಯಾಹ್ನ ಅಕ್ಕನಿಗೆ ಫೋನ್ ಮಾಡಿದೆ. ಅತ್ತೆ ಎತ್ತಿದರು. ಅಕ್ಕ ಪೇಟೆಗೆ ಹೋಗಿದ್ದಾಳೆ, ಫೋನ್ ಬಿಟ್ಟುಹೋಗಿದ್ದಾಳೆ ಎಂದರು. ಗಡಿಯಾರ ನೋಡಿದೆ, ಎರಡೂಕಾಲು. ಹಿಂದಿನಿಂದ ಎದುರಿನ ಗ್ಯಾರೇಜಿನಲ್ಲಿ ಗಾಡಿಯೊಂದರ ಆಕ್ಸಿಲರೇಟರ್ ಎತ್ತುವ ಸದ್ದು ಬರುತ್ತಿತ್ತು.

"ಅವಳು ಮತ್ತೆ ಮೊದಲಿನ ಹಾಗೇ ಆಗಿದಾಳಮ್ಮ," ಎಂದರು ಅತ್ತೆ. "ಕೇಳಿದ್ದಕ್ಕಷ್ಟೇ ಮಾತು. ಯಾರೋ ಏನೋ ಬರೆದು ಇವಳ ಕೆಲಸ ತೆಗೆಸಿದ್ರಂತೆ. ಯಾರು ಅಂದ್ರೆ ಗೊತ್ತಿಲ್ಲ ಅಂತಾಳೆ. ನೀನು ಲಾ ಓದ್ತಿದೀಯಲ್ಲ, ಹುಡುಕಿ ಅವರ ಮೇಲೆ ಒಂದು ಕೇಸ್ ಹಾಕೋಕಾಗಲ್ವಾ?"

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ನೋಡಮ್ಮ, ಯಾರು ಅಂತ ಗೊತ್ತಾದ್ರೆ ಬಿಡ್ಬೇಡ," ಎಂದರು.

"ಆಯ್ತು ಅತ್ತೆ," ಎಂದೆ.

ಒಂದು ನಿಮಿಷ ಇರು, ಚಟ್ನಿ ಅರ್ಧಕ್ಕೇ ಬಿಟ್ಟಿದ್ದೀನಿ ಎಂದು ಅವರು ಫೋನನ್ನು ಪಕ್ಕಕ್ಕಿಟ್ಟರು. ಮಿಕ್ಸಿ ಶುರುವಾಯಿತು.